ಬ್ರಿಟನಿಯ ಪುಟ್ಟ ಕ್ರೆಪೆರಿಯಲ್ಲಿ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಚಾಚಿಕೊಂಡಿರುವ ಸೀಮೆಯೇ ಬ್ರಿಟನಿ. ಅದರ ರಾಜಧಾನಿ ರೆನ್. ನಾನಿರುವುದು ಅಲ್ಲೇ. ಊರಿಂದ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಬರುತ್ತಲೇ ಇರುತ್ತಾರೆ. ಮೂರನೇ ದಿನಕ್ಕೆ ಬ್ರೆಡ್ಡು, ಪಿಜ್ಜಾ ತಿಂದು ನಾಲಿಗೆ ಸತ್ತು, "ಇಲ್ಲಿ ಇಂಡಿಯನ್ ಹೋಟೆಲ್ ಎಲ್ಲಿದೆ?" ಅಂತ ಶುರು ಮಾಡುತ್ತಾರೆ. ನಾನು ಅವರನ್ನು ಕ್ರೆಪೆರಿಗೆ, ಅಂದರೆ ದೋಸೆಯಂಥ ತೆಳ್ಳನೆಯ ಕ್ರೆಪ್ ಹುಯ್ದು ಕೊಡುವ ಜಾಗಕ್ಕೆ, ಕರೆದುಕೊಂಡು ಹೋಗುತ್ತೇನೆ. ಕಾದ ಕಾವಲಿ, ಹಿಟ್ಟು ಹುಯ್ದಾಗಿನ ಚುಂಯ್ ಸದ್ದು, ಬೆಣ್ಣೆ ಕರಗುವ ವಾಸನೆ. ದೋಸೆ ತಿಂದು ಬೆಳೆದವರಿಗೆ ಫ್ರಾನ್ಸಿನಲ್ಲಿ ಇದಕ್ಕಿಂತ ಹತ್ತಿರದ ಜಾಗ ಇಲ್ಲ ಅಂತ ನನ್ನ ನಂಬಿಕೆ. ಅಲ್ಲಿಗೆ ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕ್ರೆಪೆರಿ ಅಂದರೆ ಹೋಟೆಲ್ಲಾ, ಕೆಫೆನಾ?

ಎರಡೂ ಹೌದು. ಕ್ರೆಪ್ ಮಾಡಿ ಬಡಿಸುವ ಜಾಗ ಕ್ರೆಪೆರಿ. ಸಾಮಾನ್ಯವಾಗಿ ಗಂಡ ಹೆಂಡತಿ ಸೇರಿ ನಡೆಸುವ ಪುಟ್ಟ ಅಂಗಡಿ. ಹತ್ತು ಹನ್ನೆರಡು ಟೇಬಲ್ ಇದ್ದರೆ ಜಾಸ್ತಿ. ಒಬ್ಬರು ಕಾವಲಿ ಮುಂದೆ, ಒಬ್ಬರು ಟೇಬಲ್‌ಗಳ ಹತ್ತಿರ. ನಮ್ಮ ಕಡೆ ಬರೀ ದೋಸೆಗೆ ಹೆಸರಾದ ಹಳೇ ಹೋಟೆಲ್‌ಗಳು ಇರುತ್ತವಲ್ಲ, ಹಾಗೆ. ಅನ್ನ, ಪಾಸ್ತಾ, ಸ್ಯಾಂಡ್‌ವಿಚ್ ಹುಡುಕಬೇಡಿ. ಬ್ರೆಡ್ ಕೂಡ ಸಾಮಾನ್ಯವಾಗಿ ಟೇಬಲ್‌ಗೆ ಬರುವುದಿಲ್ಲ.

ಗಲೆತ್‌ಗೂ ಕ್ರೆಪ್‌ಗೂ ಏನು ವ್ಯತ್ಯಾಸ?

ಇದೊಂದು ಗೊತ್ತಾದರೆ ಅರ್ಧ ಮೆನು ಗೊತ್ತಾದ ಹಾಗೆ. ಗಲೆತ್ ಉಪ್ಪಿನದು, ಕ್ರೆಪ್ ಸಿಹಿ. ಗಲೆತ್ ಮಾಡುವುದು ಬಕ್‌ವೀಟ್ ಹಿಟ್ಟಿನಿಂದ. ಬಣ್ಣ ಕಂದು, ಮೈಯೆಲ್ಲ ಸಣ್ಣ ಸಣ್ಣ ತೂತು, ಅಂಚು ಗರಿಗರಿ. ಇದರೊಳಗೆ ಚೀಸ್, ಮೊಟ್ಟೆ, ಅಣಬೆ, ಮಾಂಸ ಏನಾದರೂ ಇಟ್ಟು ಮಡಚುತ್ತಾರೆ. ಕ್ರೆಪ್‌ಗೆ ಬೇಕಾದದ್ದು ಗೋಧಿಯ ಬಿಳಿ ಹಿಟ್ಟು, ಹಾಲು, ಮೊಟ್ಟೆ, ಸಕ್ಕರೆ. ಅದು ತೆಳು, ಮೆತ್ತಗೆ, ಹಳದಿ. ಮೊದಲು ಗಲೆತ್, ಆಮೇಲೆ ಕ್ರೆಪ್. ಇದೇ ಪೂರ್ತಿ ಊಟ.

ಒಂದು ಗೊಂದಲ ಮಾತ್ರ ಇದೆ. ರೆನ್ ಇರುವ ಪೂರ್ವ ಬ್ರಿಟನಿಯಲ್ಲಿ ಗಲೆತ್ ಅನ್ನುವುದನ್ನೇ ಪಶ್ಚಿಮದ ಕಡೆ ಹೋದರೆ "ಬ್ಲೆ ನುವಾರ್ ಕ್ರೆಪ್" ಅನ್ನುತ್ತಾರೆ. ಬ್ಲೆ ನುವಾರ್ ಅಂದರೆ ಕಪ್ಪು ಗೋಧಿ, ಬಕ್‌ವೀಟ್‌ನ ಇನ್ನೊಂದು ಹೆಸರು. ಸಿಹಿಯದಕ್ಕೆ "ಫ್ರೊಮಾಂ" ಅಂತ ಬರೆದಿರುತ್ತಾರೆ, ಅಂದರೆ ಗೋಧಿ. ಹೆಸರಿಗಿಂತ ಹಿಟ್ಟು ಯಾವುದು ಅಂತ ನೋಡಿಕೊಳ್ಳಿ.

ಕಪ್ಪು ಗೋಧಿ ಅಂದರೆ ಗೋಧಿಯ ಒಂದು ಜಾತಿನಾ?

ಅಲ್ಲ. ಬಕ್‌ವೀಟ್ ಗೋಧಿಯೂ ಅಲ್ಲ, ಹುಲ್ಲಿನ ಜಾತಿಯ ಧಾನ್ಯವೂ ಅಲ್ಲ. ಮೂರು ಮೂಲೆಯ ಪುಟ್ಟ ಕಪ್ಪು ಬೀಜ, ಬಿಳಿ ಹೂವಿನ ಗಿಡ. ಉತ್ತರ ಭಾರತದಲ್ಲಿ ನವರಾತ್ರಿ ಉಪವಾಸಕ್ಕೆ ಪೂರಿ ಮಾಡುವ ಕುಟ್ಟು ಹಿಟ್ಟು ಇದೇ. ಜಪಾನಿನವರ ಸೋಬಾ ನೂಡಲ್ಸ್ ಕೂಡ ಇದರದ್ದೇ.

ಬ್ರಿಟನಿಯ ಮಣ್ಣು ತೆಳು, ಹುಳಿ ಅಂಶ ಜಾಸ್ತಿ. ಅಲ್ಲಿ ಗೋಧಿ ಸರಿಯಾಗಿ ಬರುತ್ತಿರಲಿಲ್ಲ. ಬಕ್‌ವೀಟ್‌ಗೆ ಗೊಬ್ಬರ ಬೇಡ, ಸುಮಾರು ನೂರು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹಾಗಾಗಿ ಇದು ನೂರಾರು ವರ್ಷ ಇಲ್ಲಿನ ಬಡ ರೈತರ ಹೊಟ್ಟೆ ತುಂಬಿಸಿತು. ಹದಿನೈದನೇ ಶತಮಾನದ ಕೊನೆಯಲ್ಲಿ ಬ್ರಿಟನಿಯನ್ನು ಆಳಿದ ಆನ್ ಎಂಬ ರಾಣಿ ಇದನ್ನು ಬೆಳೆಯಲು ಪ್ರೋತ್ಸಾಹ ಕೊಟ್ಟಳು ಅಂತ ಇಲ್ಲಿನವರು ಹೇಳುತ್ತಾರೆ. ರಾಗಿಯ ಕಥೆ ನೆನಪಾಗುತ್ತದೆ ಅಲ್ವಾ? ಬಿಳಿ ಹಿಟ್ಟು ಸಿಕ್ಕಿದ ಮೇಲೆ ಜನ ಇದನ್ನೂ ಮರೆತರು. ಹೊಲಗಳು ಕಡಿಮೆಯಾದವು. ಈಗ ಮತ್ತೆ ಹುಡುಕಿಕೊಂಡು ತಿನ್ನುತ್ತಿದ್ದಾರೆ. ಬ್ರಿಟನಿಯಲ್ಲೇ ಬೆಳೆದು ಬೀಸಿದ ಹಿಟ್ಟಿಗೆ 2010ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ನಂಜನಗೂಡು ರಸಬಾಳೆಗೆ ಜಿಐ ಸಿಕ್ಕಿದ ಹಾಗೆ. ಮೆನುವಿನಲ್ಲಿ ಊರಿನ ಹಿಟ್ಟು ಅಂತ ಹೆಮ್ಮೆಯಿಂದ ಬರೆದುಕೊಂಡಿರುವ ಕ್ರೆಪೆರಿ ಕಂಡರೆ ನಾನು ಅಲ್ಲಿಗೇ ನುಗ್ಗುತ್ತೇನೆ.

ರುಚಿ ದೋಸೆ ಥರಾನೇ ಇರುತ್ತಾ?

ನಮ್ಮ ಅಮ್ಮ ಬಂದಾಗ ಕಾವಲಿಗೆ ಅಂಟಿಕೊಂಡ ಟೇಬಲ್ ಸಿಕ್ಕಿತ್ತು. ಅಲ್ಲಿನ ಕಾವಲಿಗೆ ಬಿಲಿಗ್ ಅಂತ ಹೆಸರು. ಅದು ಬ್ರಿಟನಿಯದೇ ಆದ ಬ್ರೆಟನ್ ಭಾಷೆಯ ಮಾತು. ಎರಕದ ಕಬ್ಬಿಣದ್ದು, ಗುಂಡಗೆ, ಅಗಲ ಸುಮಾರು 40 ಸೆಂಟಿಮೀಟರ್. ಕ್ರೆಪ್ ಮಾಡುವ ಹೆಂಗಸಿಗೆ ಅಮ್ಮನಷ್ಟೇ ವಯಸ್ಸು. ಅವರು ಮೊದಲು ಜಿಡ್ಡಿನ ಬಟ್ಟೆಯಿಂದ ಬಿಲಿಗ್ ಒರೆಸಿದರು. ಒಂದು ಸೌಟು ಹಿಟ್ಟು ಹುಯ್ದರು. ಆಮೇಲೆ ಕೈಗೆತ್ತಿಕೊಂಡದ್ದು ರೊಜೆಲ್, ಹಿಡಿಯ ತುದಿಗೆ ಅಡ್ಡ ಪಟ್ಟಿ ಕೂರಿಸಿದ ಮರದ ಪುಟ್ಟ ಕೋಲು. ಪಕ್ಕದ ನೀರಿನ ಪಾತ್ರೆಯಲ್ಲಿ ಅದ್ದಿ, ಹಿಟ್ಟಿನ ಮೇಲೆ ಮುಟ್ಟಿದರೋ ಇಲ್ಲವೋ ಅನ್ನುವ ಹಾಗೆ ಇಟ್ಟು ಒಂದು ಸುತ್ತು ತಿರುಗಿಸಿದರು. ತೋಳು ಅಲ್ಲಾಡಲಿಲ್ಲ, ಮಣಿಕಟ್ಟು ಮಾತ್ರ ತಿರುಗಿತು. ಹಿಟ್ಟು ಕಾವಲಿಯ ಅಂಚಿನವರೆಗೂ ಹೋಗಿ ನಿಂತಿತು. ಅಂಚು ಎದ್ದ ಮೇಲೆ ಸ್ಪನೆಲ್ ಎಂಬ ಉದ್ದನೆಯ ತೆಳ್ಳನೆ ಮರದ ಪಟ್ಟಿಯನ್ನು ಅಡಿಗೆ ಜಾರಿಸಿ ಎತ್ತಿದರು. ಬೆಣ್ಣೆಯ ತುಂಡು, ಮೇಲೆ ತುರಿದ ಚೀಸ್. ನಾಲ್ಕೂ ಕಡೆಯಿಂದ ಮಡಚಿದಾಗ ಚೌಕದ ನಡುವೆ ಒಂದು ಕಿಟಕಿ ಉಳಿಯಿತು.

ಅಮ್ಮ ಮೂರು ಗಲೆತ್ ಆಗುವವರೆಗೂ ಮಾತಾಡಲಿಲ್ಲ. ಆಮೇಲೆ "ಪಳಗಿದ ಕೈ ಕಣೇ" ಅಂದರು. ತಟ್ಟೆ ಬಂದಾಗ ಮೊದಲು ಮೂಸಿ, "ರಾಗಿ ದೋಸೆ ವಾಸನೆ" ಅಂದರು. ನಾನು ಎಷ್ಟೋ ಜನಕ್ಕೆ ರುಚಿ ವಿವರಿಸಲು ಒದ್ದಾಡಿದ್ದೆ. ಅಮ್ಮ ಎರಡು ಮಾತಿನಲ್ಲಿ ಮುಗಿಸಿದರು.

ಆದರೆ ಹುಳಿ ಇರುವುದಿಲ್ಲ. ಇಲ್ಲಿ ಉದ್ದು ಇಲ್ಲ, ಹಿಟ್ಟು ಉಬ್ಬುವವರೆಗೆ ಬಿಡುವುದೂ ಇಲ್ಲ. ಕೆಲವು ಗಂಟೆ ಇಲ್ಲವೇ ರಾತ್ರಿಯಿಡೀ ತಣ್ಣಗೆ ಇಡುತ್ತಾರೆ, ಅಷ್ಟೇ. ಹಾಗಾಗಿ ಹುರಿದ ಕಾಳಿನ, ಸ್ವಲ್ಪ ಕಹಿ ಮಿಶ್ರಿತ ರುಚಿ ಮುಂದೆ ಬರುತ್ತದೆ. ಚಟ್ನಿ, ಸಾಂಬಾರ್ ಇಲ್ಲ. ಖಾರ ಇಲ್ಲವೇ ಇಲ್ಲ. ಚೀಲದಲ್ಲಿ ಚಟ್ನಿಪುಡಿ ಇದ್ದರೂ ಮೊದಲ ಗಲೆತ್ತನ್ನು ಹಾಗೇ ತಿನ್ನಿ. ಬೆಣ್ಣೆಗೆ ಒಂದು ಅವಕಾಶ ಕೊಡಿ.

ಬೆಣ್ಣೆ ಬಗ್ಗೆ ಯಾಕೆ ಇಷ್ಟು ಮಾತು?

ಬ್ರಿಟನಿಯ ಬೆಣ್ಣೆಯಲ್ಲಿ ಉಪ್ಪು ಇರುತ್ತದೆ. ಫ್ರಾನ್ಸಿನ ಉಳಿದ ಕಡೆ ಸಪ್ಪೆ ಬೆಣ್ಣೆಯೇ ರೂಢಿ. ಹಳೇ ಕಾಲದಲ್ಲಿ ರಾಜರು ಉಪ್ಪಿನ ಮೇಲೆ ಭಾರೀ ತೆರಿಗೆ ಹಾಕಿದ್ದರು. ಬ್ರಿಟನಿಗೆ ಅದರಿಂದ ವಿನಾಯಿತಿ ಇತ್ತು. ಉಪ್ಪಿನ ಗದ್ದೆಗಳೂ ಹತ್ತಿರ. ಬೇರೆಯವರು ಉಪ್ಪು ಲೆಕ್ಕ ಹಾಕುತ್ತಿದ್ದಾಗ ಇವರು ಬೆಣ್ಣೆಗೆ ಧಾರಾಳವಾಗಿ ಬೆರೆಸಿದರು. ಆ ರುಚಿ ಹಾಗೇ ಉಳಿಯಿತು. ಉಪ್ಪು ಬೆಣ್ಣೆಯ ಕ್ಯಾರಮೆಲ್ ಹಾಕಿದ ಕ್ರೆಪ್ ಇದರ ಮಗು. ಸಿಹಿಗೆ ಒಂದೇ ತಿನ್ನುವ ಜಾಗ ಹೊಟ್ಟೆಯಲ್ಲಿ ಇದ್ದರೆ ಅದನ್ನೇ ತೆಗೆದುಕೊಳ್ಳಿ.

ನಾವು ಸಸ್ಯಾಹಾರಿಗಳು. ಏನಾದರೂ ಸಿಗುತ್ತಾ?

ಸಿಗುತ್ತದೆ. ಆದರೆ ಕೇಳಿ ತಿನ್ನಬೇಕು. ಇದನ್ನು ನಿಧಾನವಾಗಿ ಓದಿ.

ಮೊದಲು ಕಣ್ಣಿಗೆ ಕಾಣುವುದು. ಮೆನುವಿನ ತಲೆಯಲ್ಲೇ ಇರುವ "ಗಲೆತ್ ಕೊಂಪ್ಲೆತ್" ಒಳಗೆ ಹಂದಿ ಮಾಂಸದ ಹ್ಯಾಮ್, ಮೊಟ್ಟೆ, ಚೀಸ್ ಇರುತ್ತದೆ. "ಲಾರ್ದೊಂ" ಅಂದರೆ ಹಂದಿ ಮಾಂಸದ ಸಣ್ಣ ತುಂಡು. "ಆಂದುಯ್" ಹಂದಿಯ ಕರುಳಿನದು. ಎಷ್ಟೋ ಮಾಂಸಾಹಾರಿಗಳೇ ಆ ವಾಸನೆಗೆ ಹಿಂದೆ ಸರಿಯುತ್ತಾರೆ. "ಸೇಂ ಝಾಕ್" ಅನ್ನುವುದು ಸಮುದ್ರದ ಚಿಪ್ಪಿನ ಮಾಂಸ. ಇವನ್ನು ಬಿಟ್ಟರೆ ಅಣಬೆ, ಪಾಲಕ್, ಈರುಳ್ಳಿ ಜಾತಿಯ ಲೀಕ್, ಟೊಮೆಟೊ ಇರುತ್ತವೆ. ಮೇಕೆ ಹಾಲಿನ ಚೀಸ್, ಜೇನು, ಅಕ್ರೋಟು ಹಾಕಿದ ಗಲೆತ್ ಬಹುತೇಕ ಎಲ್ಲ ಕಡೆ ಸಿಗುತ್ತದೆ, ತುಂಬ ಚೆನ್ನಾಗಿರುತ್ತದೆ. ಹ್ಯಾಮ್ ಬೇಡ ಅಂದರೆ ತೆಗೆದು ಮಾಡಿಕೊಡುತ್ತಾರೆ.

ಇನ್ನು ಕಣ್ಣಿಗೆ ಕಾಣದ್ದು. ಬಿಲಿಗ್‌ಗೆ ಹಚ್ಚುವ ಜಿಡ್ಡು ಯಾವುದು? ಹಳೇ ಪದ್ಧತಿಯಲ್ಲಿ ಅದು ಹಂದಿ ಕೊಬ್ಬು, ಫ್ರೆಂಚಿನಲ್ಲಿ "ಸಾಂದೂ". ಕೆಲವರು ಅದಕ್ಕೆ ಮೊಟ್ಟೆಯ ಹಳದಿಯನ್ನೂ ಕಲಸುತ್ತಾರೆ. ಈಗ ಎಷ್ಟೋ ಕಡೆ ಎಣ್ಣೆಗೆ ಬದಲಾಯಿಸಿಕೊಂಡಿದ್ದಾರೆ, ಆದರೆ ಎಲ್ಲರೂ ಅಲ್ಲ. ನನಗೆ ಇದು ತಡವಾಗಿ ತಿಳಿಯಿತು. ಅಮ್ಮನನ್ನು ಎರಡು ಸಲ ಕರೆದುಕೊಂಡು ಹೋದ ಒಂದು ಜಾಗದಲ್ಲಿ ನಾನು ಹಿಟ್ಟಿನ ಬಗ್ಗೆ ಕೇಳಿದ್ದೆ, ಹೂರಣದ ಬಗ್ಗೆ ಕೇಳಿದ್ದೆ. ಜಿಡ್ಡಿನ ಬಗ್ಗೆ ಕೇಳಿರಲಿಲ್ಲ. ಮೂರನೇ ಸಲ ಕಾವಲಿ ಪಕ್ಕದ ಡಬ್ಬಿಯಲ್ಲಿ ಬೆಳ್ಳಗಿನ ಗಟ್ಟಿ ಕಂಡು ವಿಚಾರಿಸಿದೆ. ಮನೆಗೆ ಹೋಗಿ ಅಮ್ಮನಿಗೆ ಹೇಳುವಾಗ ಗಂಟಲು ಕಟ್ಟಿತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲದೆ ಆಗಿದ್ದು ಬಿಡು. ಇನ್ಮೇಲೆ ಕೇಳಿಬಿಡು" ಅಂದರು. ಅವತ್ತಿಂದ ನಾನು ಮೊದಲು ಕೇಳುವುದೇ ಇದು. ಯಾರೂ ಬೇಜಾರು ಮಾಡಿಕೊಂಡಿಲ್ಲ. "ಸಾಂದೂ?" ಅಂತ ಕಾವಲಿ ಕಡೆ ಕೈ ತೋರಿಸಿದರೂ ಅರ್ಥವಾಗುತ್ತದೆ.

ಅದೇ ಕಾವಲಿಯ ಮೇಲೆ ಸ್ವಲ್ಪ ಮುಂಚೆ ಹ್ಯಾಮ್ ಬಿಸಿಯಾಗಿರುತ್ತದೆ ಎಂಬುದೂ ನೆನಪಿರಲಿ. ಚೀಸ್ ಮಾಡುವಾಗ ಹಾಲು ಒಡೆಯಲು ಹಲವು ಕಡೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇಷ್ಟು ಮಡಿ ಇರುವವರು ಮನೆಯಲ್ಲೇ ಮಾಡಿಕೊಳ್ಳುವುದು ನೆಮ್ಮದಿ. ಕೊನೆಯ ಪ್ರಶ್ನೆ ನೋಡಿ.

ಮೊಟ್ಟೆ ಕೂಡ ತಿನ್ನುವುದಿಲ್ಲ. ಆಗ?

ಆಗ ಗಲೆತ್ ನಿಮ್ಮದು, ಕ್ರೆಪ್ ನಿಮ್ಮದಲ್ಲ. ಸಿಹಿ ಕ್ರೆಪ್ಪಿನ ಹಿಟ್ಟಿನಲ್ಲೇ ಮೊಟ್ಟೆ ಇರುತ್ತದೆ, ತೆಗೆಯಲು ಬರುವುದಿಲ್ಲ. ಗಲೆತ್‌ಗೆ ಮೂಲದಲ್ಲಿ ಬೇಕಾದದ್ದು ಹಿಟ್ಟು, ನೀರು, ಉಪ್ಪು ಮೂರೇ. ಕೆಲವರು ಬಣ್ಣ ಬರಲಿ ಅಂತ ಒಂದು ಮೊಟ್ಟೆ ಒಡೆದು ಹಾಕುತ್ತಾರೆ, ಕೆಲವರು ಹಾಲು ಸೇರಿಸುತ್ತಾರೆ. "ಪಾ ದಫ್ ದಾಂ ಲಾ ಪಾತ್?" ಅಂದರೆ ಹಿಟ್ಟಿನಲ್ಲಿ ಮೊಟ್ಟೆ ಇಲ್ಲವಾ ಅಂತ. ಇಲ್ಲ ಅಂದರೆ ದಾರಿ ಸಲೀಸು. ಸಿಹಿ ಬೇಕೆನಿಸಿದರೆ ಗಲೆತ್ ಮೇಲೇ ಬೆಣ್ಣೆ ಸಕ್ಕರೆ ಹಾಕಿಸಿಕೊಳ್ಳಿ. ಇಲ್ಲಿನ ಅಜ್ಜಿಯರೂ ಹಾಗೆ ತಿನ್ನುತ್ತಾರೆ. ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಮೊದಲ ಸಲ ಹೋದವರು ಏನು ಹೇಳಬೇಕು?

ಬರೀ ಬೆಣ್ಣೆ ಗಲೆತ್. ಮೆನುವಿನಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಕಡಿಮೆ ಬೆಲೆಗೆ ಇರುತ್ತದೆ, "ಗಲೆತ್ ಬರ್" ಅಂತ. ಒಂದು ಕ್ರೆಪೆರಿಯ ಕೈಗುಣ ತಿಳಿಯುವುದು ಇದರಲ್ಲೇ. ಖಾಲಿ ದೋಸೆ ಚೆನ್ನಾಗಿಲ್ಲದ ಹೋಟೆಲ್ಲಿನಲ್ಲಿ ಮಸಾಲೆ ದೋಸೆ ಚೆನ್ನಾಗಿರಲು ಸಾಧ್ಯನಾ? ಗರಿಗರಿ ಬೇಕಾದರೆ "ಕ್ರಾಜ್" ಅನ್ನಿ. ಬ್ರೆಟನ್ ಭಾಷೆಯ ಮಾತು, ಕೇಳಿದ ತಕ್ಷಣ ಅವರ ಮುಖ ಅರಳುತ್ತದೆ.

ಮಧ್ಯಾಹ್ನ ಜನ ಜಾಸ್ತಿ ಇರುವಾಗ ಕೆಲವರು ಬೆಳಿಗ್ಗೆಯೇ ಬೇಯಿಸಿ ಪೇರಿಸಿಟ್ಟದ್ದನ್ನು ಬೆಣ್ಣೆ ಹಾಕಿ ಬಿಸಿ ಮಾಡಿ ಕೊಡುತ್ತಾರೆ. ತಪ್ಪೇನಿಲ್ಲ. ಆದರೆ ಆಗಿಂದಾಗ ಹುಯ್ದ ಗಲೆತ್ತಿನ ಅಂಚು ಅದಕ್ಕೆ ಬರುವುದಿಲ್ಲ. ಕಾವಲಿ ಕಾಣುವ ಜಾಗ ಹುಡುಕಿ, ಹಸಿ ಹಿಟ್ಟು ಹುಯ್ಯುತ್ತಿದ್ದಾರಾ ನೋಡಿ.

ಸಿಹಿಯಲ್ಲಿ ಬೆಣ್ಣೆ ಸಕ್ಕರೆ, ನಿಂಬೆ ಸಕ್ಕರೆ, ಕ್ಯಾರಮೆಲ್, ಕರಗಿಸಿದ ಚಾಕೊಲೇಟ್ ಇರುತ್ತವೆ. "ಸುಜೆತ್" ಅನ್ನುವುದರಲ್ಲಿ ಕಿತ್ತಳೆಯ ಮದ್ಯ ಹಾಕಿ ಬೆಂಕಿ ಹಚ್ಚುತ್ತಾರೆ. ಉರಿದ ಮೇಲೂ ಮದ್ಯ ಪೂರ್ತಿ ಹೋಗುವುದಿಲ್ಲ. ಮಕ್ಕಳಿಗೆ ಬೇಡ.

ಕುಡಿಯಲು ಏನು?

ಇಲ್ಲಿ ಒಂದು ಖುಷಿಯ ಸಂಗತಿ ಇದೆ. ಗಲೆತ್ ಜೊತೆ ಬ್ರಿಟನಿಯ ಹಳಬರು ಕುಡಿಯುವುದು ಮಜ್ಜಿಗೆ! "ಲೆ ರಿಬೊ" ಅಂತ ಹೆಸರು. ಬೆಣ್ಣೆ ಕಡೆದ ಮೇಲೆ ಉಳಿಯುವ ಮಜ್ಜಿಗೆಯಿಂದಲೇ ಈ ಪದ್ಧತಿ ಬಂದದ್ದು. ನಮ್ಮದಕ್ಕಿಂತ ಗಟ್ಟಿ, ಹುಳಿ ಹಿತವಾಗಿರುತ್ತದೆ. ಒಗ್ಗರಣೆ, ಇಂಗು, ಕರಿಬೇವು ಇರುವುದಿಲ್ಲ, ಅಷ್ಟೇ. ಎಲ್ಲ ಕ್ರೆಪೆರಿಯಲ್ಲೂ ಸಿಗುವುದಿಲ್ಲ, ಸಿಕ್ಕಿದರೆ ಬಿಡಬೇಡಿ. ಹದಿನೈದು ದಿನ ಯುರೋಪ್ ಸುತ್ತಿ ಹೊಟ್ಟೆ ಕೆಟ್ಟವರಿಗೆ ಅದರ ಒಂದು ಲೋಟ ಮನೆ ತಲುಪಿದ ಹಾಗೆ ಇರುತ್ತದೆ.

ಇನ್ನೊಂದು ಸೇಬಿನ ಸೈಡರ್. ಇದು ಮದ್ಯವೇ, ಜ್ಯೂಸ್ ಅಂದುಕೊಳ್ಳಬೇಡಿ. "ದೂ" ಅಂದರೆ ಸಿಹಿ, ಅದರಲ್ಲಿ ಆಲ್ಕೋಹಾಲ್ ಶೇಕಡಾ 3ರ ಒಳಗೆ. "ಬ್ರೂತ್" ಅಂದರೆ ಒಗರು, ಶೇಕಡಾ 4–5. ಗಾಜಿನ ಲೋಟದಲ್ಲಿ ಅಲ್ಲ, "ಬೊಲೆ" ಎಂಬ ಪಿಂಗಾಣಿ ಬಟ್ಟಲಲ್ಲಿ ಕೊಡುತ್ತಾರೆ. ಟೀ ಕಪ್ಪಿನ ಹಾಗೆ ಕಾಣುತ್ತದೆ. ಕುಡಿಯದವರು "ಝ್ಯೂ ದ ಪೊಮ್" ಅನ್ನಿ, ಅದು ಸೇಬಿನ ರಸ.

ನೀರಿಗೆ ದುಡ್ಡು ಕೊಡಬೇಕಿಲ್ಲ. "ಊನ್ ಕರಾಫ್ ದೋ" ಅಂದರೆ ನಲ್ಲಿ ನೀರಿನ ಜಗ್ ತರುತ್ತಾರೆ. ನಲ್ಲಿ ನೀರು ಕುಡಿಯಲು ಚೆನ್ನಾಗಿದೆ. ಇದು ಪುಕ್ಕಟೆ ಅಂತ ತಿಳಿಸುವುದು 2022ರಿಂದ ಹೋಟೆಲ್‌ಗಳಿಗೆ ಕಡ್ಡಾಯವಾಗಿದೆ.

ಎಷ್ಟು ಹೊತ್ತಿಗೆ ಹೋಗಬೇಕು?

ಮಧ್ಯಾಹ್ನ 12ರಿಂದ 2, ರಾತ್ರಿ 7ರಿಂದ ಸುಮಾರು 9:30. ನಡುವೆ ಬಾಗಿಲು ಹಾಕಿರುತ್ತದೆ. ಮೂರು ಗಂಟೆಗೆ ಹಸಿದುಕೊಂಡು ಹೋದರೆ ಪ್ರಯೋಜನವಿಲ್ಲ. ನಮ್ಮವರಿಗೆ ಜಾಸ್ತಿ ತೊಂದರೆಯಾಗುವುದು ಇಲ್ಲೇ, ಯಾಕೆಂದರೆ ಊರು ಸುತ್ತುತ್ತಾ ಊಟದ ಹೊತ್ತು ಮೀರಿಸುತ್ತೇವೆ. ಭಾನುವಾರ, ಸೋಮವಾರ ರಜೆ ಇರುವ ಅಂಗಡಿಗಳು ಬೇಕಾದಷ್ಟು. ಶುಕ್ರವಾರ, ಶನಿವಾರ ರಾತ್ರಿಗೆ ಮುಂಚೆಯೇ ಫೋನ್ ಮಾಡಿ ಜಾಗ ಹಿಡಿಯಿರಿ. ಬಾಗಿಲ ಮೇಲೆ "ಕೊಂಪ್ಲೆ" ಅಂತ ಕಂಡರೆ ಅದು ಗಲೆತ್ತಿನ ಹೆಸರಲ್ಲ, ಜಾಗ ಭರ್ತಿ ಅಂತ ಅರ್ಥ.

ಒಳಗೆ ಹೋದ ಮೇಲೆ ಸುಮ್ನೆ ಕೂತುಬಿಡಬಹುದಾ?

ಬೇಡ. ಬಾಗಿಲ ಹತ್ತಿರ ನಿಂತು "ಬೊಂಜೂರ್" ಅನ್ನಿ, ಸಂಜೆಯಾಗಿದ್ದರೆ "ಬೊಂಸ್ವಾರ್". ಎಷ್ಟು ಜನ ಅಂತ ಬೆರಳಲ್ಲಿ ತೋರಿಸಿ. ಅವರೇ ಟೇಬಲ್ ತೋರಿಸುತ್ತಾರೆ. ಈ ಒಂದು ಮಾತು ಹೇಳದೆ ನೇರ ಪ್ರಶ್ನೆ ಕೇಳಿದರೆ ಇಲ್ಲಿನವರಿಗೆ ಒರಟಾಗಿ ಕಾಣುತ್ತದೆ. ಯಾರದೋ ಮನೆಗೆ ಹೋಗಿ ಚಪ್ಪಲಿ ಬಿಡದೆ ಒಳಗೆ ನಡೆದ ಹಾಗೆ. "ಫ್ರೆಂಚರಿಗೆ ಜಂಬ" ಅಂತ ದೂರುವವರಲ್ಲಿ ಎಷ್ಟೋ ಜನ ಬೊಂಜೂರ್ ಹೇಳಿರುವುದಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಮಾತಾಡಿದರೂ ನಡೆಯುತ್ತದೆ.

ಎಲ್ಲರ ತಟ್ಟೆ ಒಟ್ಟಿಗೆ ಯಾಕೆ ಬರುವುದಿಲ್ಲ?

ಕಾವಲಿ ಇರುವುದು ಎರಡು, ಹೆಚ್ಚೆಂದರೆ ಮೂರು. ಒಂದು ಸಲಕ್ಕೆ ಒಂದೇ ಗಲೆತ್. ಆರು ಜನ ಹೋದರೆ ಕೊನೆಯವರದು ಹತ್ತು ಹದಿನೈದು ನಿಮಿಷ ತಡ. ಬಂದವರು ಬಿಸಿಯಾಗಿರುವಾಗಲೇ ತಿನ್ನಿ, ಕಾಯಬೇಡಿ. ಮನೆಯಲ್ಲಿ ದೋಸೆ ಹುಯ್ಯುವಾಗ "ಆರಿಹೋಗುತ್ತೆ, ತಿನ್ನು" ಅಂತ ಬೈಸಿಕೊಂಡಿದ್ದೀರಲ್ಲ, ಅದೇ ನಿಯಮ.

ಕೈಯಲ್ಲಿ ತಿನ್ನಬಹುದಾ? ಬೈ ಟು ಮಾಡಬಹುದಾ?

ಟೇಬಲ್ಲಿನಲ್ಲಿ ಚಾಕು, ಫೋರ್ಕ್. ಮೂಲೆಯಿಂದ ಶುರು ಮಾಡಿ ನಡುವಿನ ಕಿಟಕಿ ಕಡೆ ಹೋಗಿ, ಹೂರಣ ಕೊನೆಯವರೆಗೂ ಉಳಿಯುತ್ತದೆ. ಬೀದಿಯಲ್ಲಿ ಕಾಗದ ಸುತ್ತಿ ಕೊಟ್ಟದ್ದಾದರೆ ಕೈಯೇ ಸರಿ. ರೆನ್‌ನಲ್ಲಿ ಶನಿವಾರ ಬೆಳಿಗ್ಗೆ ಲೀಸ್ ಸಂತೆ ಕೂಡುತ್ತದೆ. ಅಲ್ಲಿ ಹಂದಿ ಸಾಸೇಜ್ ಸುತ್ತಿದ ಗಲೆತ್ ತಿನ್ನಲು ಬೆಳಿಗ್ಗೆಯೇ ಸಾಲು ನಿಂತಿರುತ್ತದೆ. ಮಾಂಸ ತಿನ್ನುವವರು ತಪ್ಪಿಸಬೇಡಿ. ತಿನ್ನದವರು ಅದೇ ಸಂತೆಯಲ್ಲಿ ಖಾಲಿ ಗಲೆತ್ತನ್ನು ಅರ್ಧ ಡಜನ್, ಡಜನ್ ಲೆಕ್ಕದಲ್ಲಿ ಕಟ್ಟಿಸಿಕೊಂಡು ಬರಬಹುದು. ಇದ್ದ ಕೋಣೆಯಲ್ಲಿ ಸ್ಟೌವ್ ಇದ್ದರೆ ರಾತ್ರಿ ಊಟದ ಚಿಂತೆ ಕಳೆಯಿತು.

ಇಲ್ಲಿ ಒಬ್ಬರಿಗೆ ಒಂದು ಅನ್ನುವುದು ವಾಡಿಕೆ. ಗಲೆತ್ ಪ್ರತಿಯೊಬ್ಬರೂ ಒಂದೊಂದು ತೆಗೆದುಕೊಂಡು, ಸಿಹಿ ಕ್ರೆಪ್ ಇಬ್ಬರಿಗೆ ಒಂದು ಹೇಳಿ ಇನ್ನೊಂದು ತಟ್ಟೆ ಕೇಳಿದರೆ ಕೊಡುತ್ತಾರೆ. ನಾಲ್ಕು ಜನ ಕೂತು ಒಂದೇ ಗಲೆತ್ ಹೇಳುವುದು ಮಾತ್ರ ಚೆನ್ನಾಗಿರುವುದಿಲ್ಲ. ಇರುವುದೇ ಹತ್ತು ಟೇಬಲ್, ಅವರ ಅನ್ನ ಅದು.

ಎಷ್ಟಾಗುತ್ತದೆ? ಟಿಪ್ಸ್ ಕೊಡಬೇಕಾ?

ಬೆಣ್ಣೆ ಗಲೆತ್ ಸುಮಾರು 4 ಯುರೋ, ಹೂರಣದ್ದು ಸುಮಾರು 9ರಿಂದ 13. ಸಿಹಿ ಕ್ರೆಪ್ ಸುಮಾರು 4ರಿಂದ 8. ಪ್ಯಾರಿಸ್‌ನಲ್ಲಿ ಸ್ವಲ್ಪ ಜಾಸ್ತಿ. ಮಧ್ಯಾಹ್ನ "ಫೊರ್ಮ್ಯೂಲ್" ಅಂತ ಗಲೆತ್, ಕ್ರೆಪ್, ಒಂದು ಬೊಲೆ ಸೇರಿಸಿ ಕಡಿಮೆ ದರಕ್ಕೆ ಕೊಡುವ ಕಡೆ ಅದನ್ನೇ ಹೇಳಿ. ಮೆನುವಿನಲ್ಲಿ ಇರುವ ಬೆಲೆಯಲ್ಲೇ ತೆರಿಗೆ, ಸೇವೆಯ ದುಡ್ಡು ಎರಡೂ ಸೇರಿರುತ್ತದೆ. ಟಿಪ್ಸ್ ಕಡ್ಡಾಯವಲ್ಲ. ಖುಷಿಯಾದರೆ ಒಂದೆರಡು ಯುರೋ ಬಿಟ್ಟು ಬನ್ನಿ. ಬಿಲ್ ತಾನಾಗಿ ಬರುವುದಿಲ್ಲ, "ಲಾದಿಸ್ಯೊಂ, ಸಿಲ್ ವು ಪ್ಲೇ" ಅಂತ ಕೇಳಬೇಕು. ಕಾರ್ಡ್ ನಡೆಯುತ್ತದೆ, ಆದರೆ ಕೆಲವು ಪುಟ್ಟ ಅಂಗಡಿಗಳು ಇಂತಿಷ್ಟು ಮೊತ್ತಕ್ಕಿಂತ ಕಡಿಮೆಗೆ ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ.

ಗ್ಲುಟನ್ ಆಗದವರು ತಿನ್ನಬಹುದಾ?

ಬಕ್‌ವೀಟ್‌ನಲ್ಲಿ ಗ್ಲುಟನ್, ಅಂದರೆ ಗೋಧಿಯಲ್ಲಿರುವ ಅಂಟಿನಂಥ ಪ್ರೋಟೀನ್, ಇಲ್ಲ. ಆದರೆ ಗಲೆತ್ ಹರಿದುಹೋಗದಿರಲಿ ಅಂತ ಕೆಲವರು ಸ್ವಲ್ಪ ಗೋಧಿ ಬೆರೆಸುತ್ತಾರೆ. ಅದೇ ಕಾವಲಿಯಲ್ಲಿ ಗೋಧಿ ಕ್ರೆಪ್ಪೂ ಬೇಯುತ್ತದೆ. ಗ್ಲುಟನ್ ಸ್ವಲ್ಪವೂ ಆಗದ ಸಿಲಿಯಾಕ್ ಕಾಯಿಲೆ ಇದ್ದರೆ ಬೇರೆ ಕಾವಲಿ ಇಟ್ಟಿರುವ ಕಡೆಗೇ ಹೋಗಿ. ಇನ್ನೊಂದು ಮಾತು: ಬಕ್‌ವೀಟ್ ಅಲರ್ಜಿಯೂ ಇರುತ್ತದೆ. ಯುರೋಪಿನ ಹೋಟೆಲ್‌ಗಳು ತಿಳಿಸಲೇಬೇಕಾದ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಅದು ಇಲ್ಲ. ನೀವೇ ಎಚ್ಚರವಾಗಿರಬೇಕು.

ಮಕ್ಕಳು ತಿನ್ನುತ್ತಾರಾ?

ಮಕ್ಕಳಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಚೀಸ್ ಗಲೆತ್, ಸಕ್ಕರೆ ಕ್ರೆಪ್, ಖಾರ ಇಲ್ಲ, ಕಾಯುವಾಗ ನೋಡಲು ಕಾವಲಿ.

ನಾವು ಪ್ಯಾರಿಸ್‌ಗೆ ಮಾತ್ರ ಹೋಗುತ್ತೇವೆ. ಅಲ್ಲಿ ಒಳ್ಳೆಯದು ಎಲ್ಲಿ?

ಐಫೆಲ್ ಗೋಪುರದ ಸುತ್ತಮುತ್ತಲ ಗಾಡಿಗಳಲ್ಲಿ ತಿಂದು "ಕ್ರೆಪ್ ಇಷ್ಟೇನಾ" ಅನ್ನಬೇಡಿ. ಮೆಟ್ರೋ ಹತ್ತಿ ಮೊಂಪಾರ್ನಾಸ್‌ಗೆ ಹೋಗಿ. ರೈಲು ನಿಲ್ದಾಣದ ಹತ್ತಿರ ಮೊಂಪಾರ್ನಾಸ್ ಬೀದಿ, ಒದೆಸ್ಸಾ ಬೀದಿಗಳ ತುಂಬ ಕ್ರೆಪೆರಿಗಳು. ಕಾರಣ ಇದೆ. ಬ್ರಿಟನಿಯ ರೈಲುಗಳು ಬಂದು ನಿಲ್ಲುವುದು ಅದೇ ನಿಲ್ದಾಣಕ್ಕೆ. ಹಳಿ 1857ರಲ್ಲಿ ರೆನ್‌ಗೆ, 1865ರಲ್ಲಿ ಪಶ್ಚಿಮದ ತುದಿಯ ಬ್ರೆಸ್ತ್‌ಗೆ ತಲುಪಿತು. ಕೆಲಸ ಹುಡುಕಿ ಹಳ್ಳಿ ಬಿಟ್ಟು ಬಂದವರು ಇಳಿದ ಜಾಗದ ಸುತ್ತಲೇ ನೆಲೆ ನಿಂತರು. ಮುಂಬೈಗೆ ಹೋದ ನಮ್ಮ ಕರಾವಳಿಯವರು ಮಾಟುಂಗಾದಲ್ಲಿ ಇಡ್ಲಿ ದೋಸೆ ಹೋಟೆಲ್ ಇಟ್ಟರಲ್ಲ, ಹಾಗೇ ಇವರು ಕಾವಲಿ ಇಟ್ಟರು. ಒಂದು ದಿನ ಬಿಡುವಿದ್ದರೆ ಅದೇ ನಿಲ್ದಾಣದಿಂದ ರೆನ್‌ಗೇ ಬಂದುಬಿಡಿ. 2017ರಲ್ಲಿ ಹೊಸ ವೇಗದ ಹಳಿ ಶುರುವಾದ ಮೇಲೆ ಒಂದೂವರೆ ಗಂಟೆಯ ದಾರಿ.

ಫೆಬ್ರವರಿ 2ಕ್ಕೆ ಏನು ವಿಶೇಷ?

ಅವತ್ತು ಶಾಂದಲರ್ ಹಬ್ಬ. ಕ್ರಿಸ್‌ಮಸ್ ದಿನವನ್ನೂ ಸೇರಿಸಿ ಎಣಿಸಿದರೆ 40ನೇ ದಿನ. ಫ್ರಾನ್ಸಿನ ತುಂಬ ಮನೆಮನೆಯಲ್ಲಿ ಕ್ರೆಪ್. ಒಂದು ಕೈಯಲ್ಲಿ ನಾಣ್ಯ ಹಿಡಿದು, ಇನ್ನೊಂದು ಕೈಯಲ್ಲಿ ಬಾಣಲೆ ಎತ್ತಿ ಕ್ರೆಪ್ಪನ್ನು ಗಾಳಿಯಲ್ಲಿ ಮಗುಚಬೇಕು. ಬೀಳದೆ ವಾಪಸ್ ಬಂದರೆ ಆ ವರ್ಷ ದುಡ್ಡಿಗೆ ತೊಂದರೆ ಇಲ್ಲ ಅನ್ನುತ್ತಾರೆ.

ಊರಿಗೆ ಹೋದ ಮೇಲೆ ಮನೆಯಲ್ಲಿ ಮಾಡಬಹುದಾ?

ಖಂಡಿತ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಕುಟ್ಟು ಹಿಟ್ಟು ಸಿಗುತ್ತದೆ. ಇಲ್ಲಿನವರ ಅಳತೆ ಹೀಗಿದೆ: 330 ಗ್ರಾಂ ಹಿಟ್ಟು, 10 ಗ್ರಾಂ ಕಲ್ಲುಪ್ಪು, 750 ಮಿಲಿಲೀಟರ್ ತಣ್ಣೀರು, ಬೇಕಿದ್ದರೆ ಒಂದು ಮೊಟ್ಟೆ. ನೀರನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಕೈಯಲ್ಲೇ ಜೋರಾಗಿ ಬಡಿಯಿರಿ. ಹಿಟ್ಟಿನಲ್ಲಿ ಗುಳ್ಳೆ ಏಳಬೇಕು. ಮುಚ್ಚಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಗಟ್ಟಿಯಾಗಿದ್ದರೆ ನೀರು ಸೇರಿಸಿ, ನೀರು ದೋಸೆಗಿಂತ ಸ್ವಲ್ಪ ದಪ್ಪ ಇರಲಿ.

ರೊಜೆಲ್ ಇಲ್ಲ ಅಂತ ಚಿಂತೆ ಬೇಡ. ಪಳಗಿದ ದೋಸೆ ಕಾವಲಿ ಚೆನ್ನಾಗಿ ಕಾಯಿಸಿ ಹಿಟ್ಟು ಹುಯ್ದು, ಕಾವಲಿಯನ್ನೇ ಎತ್ತಿ ವಾಲಾಡಿಸಿ ಹರಡಿ. ಸೌಟಿನಿಂದ ತಿಕ್ಕಲು ಹೋದರೆ ಹರಿಯುತ್ತದೆ, ಇದರಲ್ಲಿ ಉದ್ದಿನ ಅಂಟಿಲ್ಲ. ಮೊದಲನೆಯದು ಅಂಟಿಕೊಂಡರೆ ಕೆರೆದು, ಅರ್ಧ ಈರುಳ್ಳಿಗೆ ಎಣ್ಣೆ ಮುಟ್ಟಿಸಿ ಕಾವಲಿ ಒರೆಸಿ ಇನ್ನೊಂದು ಹುಯ್ಯಿರಿ. ಅಂಚು ತಾನಾಗಿ ಎದ್ದಾಗ ಬೆಣ್ಣೆ ಹಾಕಿ, ಬೆಣ್ಣೆಯ ಮೇಲೆ ಎರಡು ಹರಳು ಉಪ್ಪು. ಅಮ್ಮ ಈಗ ಮೈಸೂರಿನ ಮನೆಯಲ್ಲಿ ಹೀಗೇ ಮಾಡುತ್ತಾರೆ, ಪಕ್ಕಕ್ಕೆ ಒಗ್ಗರಣೆ ಹಾಕಿದ ಮಜ್ಜಿಗೆ.